ಯಾವ ದಿನದ ಎಂಜಿನ್?

ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯಕ್ಕೆ ಕಾಲಿಟ್ಟವರಲ್ಲಿ ಹೆಚ್ಚಿನವರು ಹುಡುಕಿಕೊಂಡು ಹೋಗುವುದು ಮ್ಯಾಲಾರ್ಡ್ ಎಂಬ ಎಂಜಿನ್ನನ್ನು. ಕಡುನೀಲಿ ಮೈ, ಕೆಂಪು ಗಾಲಿ, ಗಾಳಿ ಸೀಳಿಕೊಂಡು ಹೋಗಲೆಂದೇ ಇಳಿಜಾರಾಗಿ ಬಾಗಿಸಿದ ಮೂತಿ. ಗಾಲಿಗಳ ಅರ್ಧ ಮುಚ್ಚುವಷ್ಟು ಕೆಳಗಿಳಿದ ತಗಡಿನ ಹೊದಿಕೆ. ಪಕ್ಕದಲ್ಲೊಂದು ಫಲಕ: 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್. ಉಗಿ ಎಂಜಿನ್‌ಗಳ ಮಟ್ಟಿಗೆ ಅದೇ ವಿಶ್ವದಾಖಲೆ. ಇನ್ನು ಅದನ್ನು ಮುರಿಯುವವರೂ ಇಲ್ಲ.

ಫೋಟೊ ತೆಗೆಸಿಕೊಂಡು ಮುಂದೆ ಹೋಗುವ ಮೊದಲು ಆ ಫಲಕವನ್ನು ಇನ್ನೊಮ್ಮೆ ನೋಡಬೇಕು. ಅದನ್ನು ಎಂಜಿನ್‌ಗೆ ಕೂರಿಸಿದ್ದು ದಾಖಲೆಯಾಗಿ ಹತ್ತು ವರ್ಷದ ಮೇಲೆ, 1948ರಲ್ಲಿ. ಅಷ್ಟು ಹೊತ್ತಿಗೆ ಗಾಲಿ ಮುಚ್ಚುವ ತಗಡು ಹೋಗಿಯಾಗಿತ್ತು. ರಿಪೇರಿಗೆ ಕೈ ಹಾಕಲು ಅಡ್ಡವೆಂದು ಯುದ್ಧದ ದಿನಗಳಲ್ಲೇ ಅದನ್ನು ಕಿತ್ತಿದ್ದರು. 1963ರಲ್ಲಿ ಕೆಲಸ ಮುಗಿಸಿ ನಿಂತಾಗ ಈ ಎಂಜಿನ್ನಿನ ಬಣ್ಣ ಹಸಿರು, ಸಂಖ್ಯೆ 60022. ಈಗ ನಾವು ನೋಡುವುದು ನೀಲಿ ಬಣ್ಣ, 4468 ಸಂಖ್ಯೆ, ಮತ್ತೆ ಹಾಕಿಸಿದ ತಗಡು. ಜೊತೆಗೆ 1948ರ ಫಲಕ. ದುಡಿಯುತ್ತಿದ್ದ ಕಾಲು ಶತಮಾನದಲ್ಲಿ ಮ್ಯಾಲಾರ್ಡ್ ಒಂದು ದಿನವಾದರೂ ಹೀಗೆ ಇರಲಿಲ್ಲ.

ಇದನ್ನು ಮೋಸ ಎನ್ನುವುದಕ್ಕಾಗುವುದಿಲ್ಲ. ಹಳೆಯ ಯಂತ್ರವೊಂದನ್ನು ಉಳಿಸಿಕೊಳ್ಳಲು ಹೊರಟ ಯಾರಿಗೂ ತಪ್ಪದ ಪ್ರಶ್ನೆ ಇದು. ಐವತ್ತು ವರ್ಷ ಓಡಿದ ಎಂಜಿನ್ನಿನ ಯಾವ ದಿನವನ್ನು ಉಳಿಸುವುದು? ಹೊಚ್ಚ ಹೊಸದಾಗಿ ಕಾರ್ಖಾನೆಯಿಂದ ಬಂದ ದಿನವನ್ನೋ, ಹೆಸರು ಮಾಡಿದ ದಿನವನ್ನೋ, ಮಸಿ ಬಳಿದುಕೊಂಡು ಕೊನೆಯ ಸಲ ಶೆಡ್ಡಿಗೆ ಬಂದ ದಿನವನ್ನೋ? ಯಾರ್ಕ್‌ನ ದೊಡ್ಡ ಹಾಲ್‌ನಲ್ಲಿ ಒಂದೊಂದು ಎಂಜಿನ್‌ಗೂ ಒಂದೊಂದು ಉತ್ತರ ಸಿಕ್ಕಿದೆ. ಆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅಲ್ಲಿ ಓಡಾಡುವ ಖುಷಿಯ ಮುಕ್ಕಾಲು ಪಾಲು ಇದರಲ್ಲೇ ಇದೆ ಎಂದು ನನಗನ್ನಿಸಿದೆ.

ಲಂಡನ್ನಿನಿಂದ ಎಡಿನ್‌ಬರಾಗೆ ಹೋಗುವ ರೈಲುದಾರಿಯಲ್ಲಿ ಯಾರ್ಕ್ ಹೆಚ್ಚುಕಡಿಮೆ ನಡುವೆ ಬರುತ್ತದೆ. ಲಂಡನ್ನಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ಇಳಿದ ಸ್ಟೇಷನ್ನೇ ನೋಡುವಂಥದ್ದು: 1877ರದ್ದು, ಬಾಗಿದ ಪ್ಲಾಟ್‌ಫಾರ್ಮ್‌ಗಳ ಮೇಲೆ ಬಾಗಿದ ಕಬ್ಬಿಣದ ಚಾವಣಿ. ಅಲ್ಲಿಂದ ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು, ಪ್ರವೇಶಕ್ಕೆ ಟಿಕೆಟ್ ಇಲ್ಲ. 1975ರಲ್ಲಿ ತೆರೆದ ಈ ಸಂಗ್ರಹಾಲಯ ಮೊದಲು ಉಗಿ ಎಂಜಿನ್‌ಗಳ ಲೋಕೋ ಶೆಡ್ ಆಗಿತ್ತು. ನಡುವೆ ಟರ್ನ್‌ಟೇಬಲ್, ಅದರ ಸುತ್ತ ಎಲ್ಲ ದಿಕ್ಕಿಗೂ ಹರಡಿಕೊಂಡ ಹಳಿಗಳು, ಹಳಿಗೊಂದು ಎಂಜಿನ್. ಹಿಂದೆ ದಿನದ ಪಾಳಿ ಮುಗಿಸಿದ ಎಂಜಿನ್ ಬಂದು ನಿಲ್ಲುತ್ತಿದ್ದುದೂ ಹೀಗೆಯೇ. ಇಂಗ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯಗಳೆಲ್ಲ ಲಂಡನ್ನಿನಲ್ಲೇ ಇರಬೇಕೆಂಬ ರೂಢಿ ಮುರಿದದ್ದು ಇದರಿಂದ. ರೈಲಿನ ವಿಷಯದಲ್ಲಿ ಯಾರ್ಕ್‌ಗೆ ಆ ಹಕ್ಕೂ ಇತ್ತು: 1928ರಷ್ಟು ಹಿಂದೆಯೇ ಇಲ್ಲಿನ ರೈಲ್ವೆ ಕಂಪನಿ ಒಂದು ಸಣ್ಣ ಸಂಗ್ರಹಾಲಯ ನಡೆಸುತ್ತಿತ್ತು.

ಮತ್ತೆ ಮ್ಯಾಲಾರ್ಡ್‌ಗೆ ಬರೋಣ. ದಾಖಲೆಯಾದ ಆ ಭಾನುವಾರ ಏನಾಯಿತೆಂದು ತಿಳಿಯದೆ ಅದರ ಮುಂದೆ ನಿಂತರೆ ಕಾಣುವುದು ಬರೀ ಬಣ್ಣ.

1930ರ ದಶಕದಲ್ಲಿ ಲಂಡನ್‌ನಿಂದ ಉತ್ತರಕ್ಕೆ ಎರಡು ಕಂಪನಿಗಳು ಪೈಪೋಟಿಯಲ್ಲಿ ರೈಲು ಓಡಿಸುತ್ತಿದ್ದವು. ಪೂರ್ವದ ಹಾದಿ ಎಲ್‌ಎನ್‌ಇಆರ್ ಕಂಪನಿಯದು, ಪಶ್ಚಿಮದ್ದು ಎಲ್‌ಎಂಎಸ್ ಕಂಪನಿಯದು. ಇವರಿಬ್ಬರ ಆಚೆ ಜರ್ಮನಿ: 1936ರಲ್ಲಿ ಅಲ್ಲಿನ ಉಗಿ ಎಂಜಿನ್ನೊಂದು 200 ಕಿಲೋಮೀಟರ್ ಗಡಿ ದಾಟಿತ್ತು. ಎಲ್‌ಎನ್‌ಇಆರ್‌ನ ಮುಖ್ಯ ಎಂಜಿನಿಯರ್ ನೈಜಲ್ ಗ್ರೆಸ್ಲಿ, ಬ್ರೇಕ್ ಪರೀಕ್ಷೆ ಎಂಬ ನೆಪದಲ್ಲಿ, ಆಗಷ್ಟೇ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಬಂದಿದ್ದ ಮ್ಯಾಲಾರ್ಡ್‌ನ ಹಿಂದೆ ಏಳು ಬೋಗಿ ಕಟ್ಟಿಸಿದರು. ಅದರಲ್ಲೊಂದು ಅಳತೆಯ ಬೋಗಿ. ಗಾಲಿಯ ಓಟವನ್ನು ಉರುಳುವ ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಅದರೊಳಗಿತ್ತು. ಡ್ರೈವರ್ ಜೋ ಡಡಿಂಗ್‌ಟನ್, ಫೈರ್‌ಮನ್ ಟಾಮಿ ಬ್ರೇ.

ಗ್ರಾಂಥಮ್ ಊರಿನ ದಕ್ಷಿಣಕ್ಕೆ ಸ್ಟೋಕ್ ಎಂಬಲ್ಲಿ ದಾರಿ ಏರುತ್ತದೆ, ಮುಂದೆ ಮೈಲಿಗಟ್ಟಲೆ ಇಳಿಜಾರು. ಗ್ರಾಂಥಮ್‌ನಲ್ಲಿ ಹಳಿ ಕೆಲಸ ನಡೆಯುತ್ತಿದ್ದುದರಿಂದ ವೇಗ ತಗ್ಗಿಸಲೇಬೇಕಾಯಿತು. ಏರು ಮುಗಿದದ್ದೇ ಡಡಿಂಗ್‌ಟನ್ ಎಂಜಿನ್ನಿಗೆ ಪೂರ್ತಿ ಉಗಿ ಬಿಟ್ಟರು. ಅದರ ದೊಡ್ಡ ಗಾಲಿಗಳ ವ್ಯಾಸ 6 ಅಡಿ 8 ಅಂಗುಲ, ನಮ್ಮಲ್ಲಿ ಎತ್ತರದ ಆಳಿಗಿಂತ ಅರ್ಧ ಅಡಿ ಹೆಚ್ಚು. ಅಷ್ಟು ದೊಡ್ಡ ಗಾಲಿ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ಸುತ್ತುತ್ತದೆ. ಅಂದರೆ ಪ್ರತಿ ಸಿಲಿಂಡರಿನ ಪಿಸ್ಟನ್ನೂ ಸೆಕೆಂಡಿಗೆ ಒಂಬತ್ತು ಸಲ ಮುಂದೆ ಹೋಗಿ ಹಿಂದೆ ಬರಬೇಕು, ಪ್ರತಿಸಲವೂ ಒಂದು ಕ್ಷಣ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಈ ಲೆಕ್ಕ ಮನಸ್ಸಿಗೆ ಬಂದಮೇಲೆ ಪಕ್ಕದ ಉಕ್ಕಿನ ಸಲಾಕೆಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಕಾಗದದ ಮೇಲಿನ ಗೆರೆ 125 ಮೈಲಿ ಮುಟ್ಟಿತು, ಒಂದು ಗಳಿಗೆ 126ನ್ನೂ ತೋರಿತು. ಆ ಒಂದು ಗಳಿಗೆಯ ಅಂಕಿಯನ್ನು ಗ್ರೆಸ್ಲಿಯವರೇ ಒಪ್ಪಲಿಲ್ಲ, 125 ಸಾಕೆಂದರು. ಫಲಕ ಮಾಡಿಸಿದವರಿಗೆ ಅಷ್ಟು ಸಂಕೋಚವಿರಲಿಲ್ಲ. ಎರಡು ಚಕ್ರಗಳ ನಡುವೆ, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿ, ಈ ಎಂಜಿನ್ನಿಗೆ ಮೂರನೆಯ ಸಿಲಿಂಡರ್ ಇದೆ. ಅದರ ಸಲಾಕೆ ಗಾಲಿಯ ಅಚ್ಚಿಗೆ ಸೇರುವ ಕಡೆಯ ಬೇರಿಂಗ್ ಆ ಓಟದಲ್ಲಿ ಕಾದು, ಒಳಗಿನ ಮೆದು ಲೋಹ ಕರಗಿಹೋಯಿತು. ಅದು ಕಾಯಬಹುದೆಂಬ ಅಂದಾಜು ಮೊದಲೇ ಇತ್ತು. ಕಾದರೆ ವಾಸನೆಯಿಂದ ಗೊತ್ತಾಗಲೆಂದು ಸೋಂಪಿನಂಥ ವಾಸನೆಯ ಎಣ್ಣೆ ತುಂಬಿದ ಸಣ್ಣ ಡಬ್ಬಿಯೊಂದನ್ನು ಅಲ್ಲಿ ಇಟ್ಟೇ ಇದ್ದರು. ಪೀಟರ್‌ಬರೋದಲ್ಲಿ ಮ್ಯಾಲಾರ್ಡನ್ನು ಬಿಚ್ಚಿ ಬದಿಗಿಟ್ಟು, ಹಳೆಯ ಕಾಲದ ಎಂಜಿನ್ನೊಂದನ್ನು ಕಟ್ಟಿ ಬೋಗಿಗಳನ್ನು ಲಂಡನ್ ಮುಟ್ಟಿಸಿದರು. ವಿಶ್ವದಾಖಲೆ ಮಾಡಿದ ಎಂಜಿನ್ ಆವತ್ತು ಸ್ವಂತ ಬಲದಲ್ಲಿ ಊರು ಸೇರಲಿಲ್ಲ.

ಗ್ರೆಸ್ಲಿಗೆ ಹಕ್ಕಿಗಳ ಮೇಲೆ ಪ್ರೀತಿ, ಮನೆಯಲ್ಲಿ ಬಾತುಕೋಳಿ ಸಾಕಿದ್ದರು. ಮ್ಯಾಲಾರ್ಡ್ ಎಂದರೆ ಕಾಡುಬಾತು. 2016ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದಾಗ ಕಾಲ ಬಳಿ ಒಂದು ಬಾತುಕೋಳಿಯೂ ಇರಬೇಕೆಂಬ ಯೋಜನೆಯಿತ್ತು. ಮೊಮ್ಮಕ್ಕಳು ಒಪ್ಪದ್ದರಿಂದ ಪ್ರತಿಮೆ ಬಾತುಕೋಳಿ ಇಲ್ಲದೆಯೇ ನಿಂತಿದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎನ್ನುವ ಜಗಳ ಎಂಜಿನ್‌ಗಳಿಗೆ ಮಾತ್ರ ಮೀಸಲಲ್ಲ.

ದೊಡ್ಡ ಹಾಲ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಎಲ್ಲರ ಬಾಯಲ್ಲಿರುವ ಹೆಸರುಗಳ ಮುಂದಲ್ಲ, ಎಲ್ಲರ್‌ಮನ್ ಲೈನ್ಸ್ ಎಂಬ ಹಸಿರು ಎಂಜಿನ್ನಿನ ಮುಂದೆ. 1949ರದ್ದು. ಅದರ ಒಂದು ಮಗ್ಗುಲನ್ನು ತಲೆಯಿಂದ ಬಾಲದವರೆಗೆ ಕೊಯ್ದು ಒಳಗನ್ನೆಲ್ಲ ಬಯಲು ಮಾಡಿಟ್ಟಿದ್ದಾರೆ. ಗಾಲಿ, ಪಿಸ್ಟನ್ನುಗಳನ್ನು ವಿದ್ಯುತ್ ಮೋಟರಿನಿಂದ ಮೆಲ್ಲನೆ ತಿರುಗಿಸಿ ತೋರಿಸಲು ಬರುತ್ತದೆ. ಅದು ಇಲ್ಲಿಗೆ ಬಂದ ಕತೆ ಹೀಗಿದೆ. ಸೌತ್ ವೇಲ್ಸ್‌ನ ಬ್ಯಾರಿ ಎಂಬ ಬಂದರಿನ ಗುಜರಿಯವನೊಬ್ಬ 1960ರ ದಶಕದಲ್ಲಿ ಸುಮಾರು ಮುನ್ನೂರು ಉಗಿ ಎಂಜಿನ್ನುಗಳನ್ನು ಕೊಂಡಿದ್ದ. ಗೂಡ್ಸ್ ವ್ಯಾಗನ್‌ಗಳನ್ನು ಒಡೆಯುವುದು ಸುಲಭ, ಲಾಭವೂ ಬೇಗ. ಹಾಗಾಗಿ ಅವನ್ನು ಮೊದಲು ಮುಗಿಸೋಣವೆಂದು ಎಂಜಿನ್ನುಗಳನ್ನು ಕಡಲ ಗಾಳಿಗೆ ಬಿಟ್ಟ. ವ್ಯಾಗನ್‌ಗಳು ಮುಗಿಯುವ ಹೊತ್ತಿಗೆ ರೈಲು ಹುಚ್ಚಿನವರು ಚಂದಾ ಎತ್ತಿಕೊಂಡು ಬಂದು ಒಂದೊಂದಾಗಿ ಬಿಡಿಸಿಕೊಂಡು ಹೋಗತೊಡಗಿದರು. ಹಾಗೆ ಉಳಿದವು 213. ಇವತ್ತು ಬ್ರಿಟನ್ನಿನಲ್ಲಿ ಹೊಗೆಯಾಡುವ ಎಂಜಿನ್ನುಗಳಲ್ಲಿ ದೊಡ್ಡ ಪಾಲು ಅಲ್ಲಿಯ ತುಕ್ಕಿನಿಂದ ಎದ್ದು ಬಂದದ್ದು. ಎಲ್ಲರ್‌ಮನ್ ಲೈನ್ಸ್ ಕೂಡ ಅಲ್ಲಿಂದಲೇ ಬಂತು. ಆದರೆ ಅದರ ಹಣೆಯಲ್ಲಿ ಓಟ ಬರೆದಿರಲಿಲ್ಲ, ಗರಗಸ ಬರೆದಿತ್ತು.

ಕೊಯ್ದದ್ದರಿಂದ ಅದು ಇನ್ನೆಂದೂ ಓಡಲಾರದು. ಉಗಿ ಎಂಜಿನ್ ಹೇಗೆ ಓಡುತ್ತದೆಂದು ಇಡೀ ಹಾಲ್‌ನಲ್ಲಿ ಸರಿಯಾಗಿ ಹೇಳುವುದು ಮಾತ್ರ ಅದೊಂದೇ. ಹಿಂಭಾಗದಲ್ಲಿ ಬೆಂಕಿಗೂಡು: ಒಳಗೆ ತಾಮ್ರವೋ ಉಕ್ಕೋ ಹೊದಿಸಿದ ದೊಡ್ಡ ಪೆಟ್ಟಿಗೆ, ಸುತ್ತ ನಾಲ್ಕೂ ಕಡೆ ಮತ್ತು ಮೇಲೆ ನೀರು. ಬೆಂಕಿಯ ಬಿಸಿ ಹೊಗೆ ಅಲ್ಲಿಂದ ಮುಂದಕ್ಕೆ, ಬಾಯ್ಲರಿನ ನೀರಿನೊಳಗೆ ಹಾದುಹೋದ ನೂರಾರು ಸಣ್ಣ ಕೊಳವೆಗಳ ಮೂಲಕ ಮೂತಿಯ ಕಡೆ ಹೋಗುತ್ತದೆ. ಒಂದೇ ದೊಡ್ಡ ಕೊಳವೆಯ ಬದಲು ಹಲವು ಸಣ್ಣವು ಏಕೆಂದರೆ ಬೆಂಕಿಗೂ ನೀರಿಗೂ ನಡುವೆ ತಾಗುವ ಜಾಗ ಹಲವು ಪಟ್ಟು ಹೆಚ್ಚುತ್ತದೆ. ಕುದಿದು ಎದ್ದ ಉಗಿ ಸುಮಾರು 200 ಡಿಗ್ರಿ ಇರುತ್ತದೆ. ಅದನ್ನು ಮತ್ತೆ ಬಿಸಿ ಕೊಳವೆಗಳಲ್ಲಿ ಸುತ್ತು ಹಾಕಿಸಿ, ತೇವವಿಲ್ಲದಂತೆ ಒಣಗಿಸಿ, ಇನ್ನೂ ನೂರು ಡಿಗ್ರಿ ಮೇಲೇರಿಸಿ ಸಿಲಿಂಡರಿಗೆ ಕಳಿಸುತ್ತಾರೆ. ತೇವದ ಉಗಿ ಸಿಲಿಂಡರಿನ ಗೋಡೆ ತಾಗಿದೊಡನೆ ನೀರಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಒಣ ಉಗಿ ಹಿಗ್ಗುತ್ತಾ ಕೆಲಸ ಮಾಡುತ್ತದೆ.

ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ಕೊಯ್ದ ಎಂಜಿನ್ನಿನ ಮುಂದೆ ನಿಂತಾಗ ಮಾತ್ರ ಹೊಳೆಯುವುದು ಇನ್ನೊಂದಿದೆ. ಪಿಸ್ಟನ್ ತಳ್ಳಿ ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಚಿಮಣಿಯ ನೇರ ಕೆಳಗೆ ಕಿರಿದಾದ ಬಾಯಿಯ ಕೊಳವೆಯೊಂದರಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಹಾಗೆ ಚಿಮ್ಮುವ ಉಗಿ ಮೂತಿಯೊಳಗಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ ಹೋದ ಜಾಗ ತುಂಬಲು ಬೆಂಕಿಯ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಬರುತ್ತದೆ. ಕಮ್ಮಾರನ ತಿದಿಯನ್ನು ಒತ್ತಲು ಒಬ್ಬ ಆಳು ಬೇಕು, ಇಲ್ಲಿ ಎಂಜಿನ್ನೇ ತನ್ನ ತಿದಿಯನ್ನು ತಾನು ಒತ್ತಿಕೊಳ್ಳುತ್ತದೆ. ಏರು ಹತ್ತುವಾಗ ಹೆಚ್ಚು ಉಗಿ ಖರ್ಚು, ಹೆಚ್ಚು ಉಗಿ ಚಿಮಣಿಗೆ, ಹೆಚ್ಚು ಗಾಳಿ ಬೆಂಕಿಗೆ, ಮತ್ತೆ ಹೆಚ್ಚು ಉಗಿ. ಇಳಿಜಾರಿನಲ್ಲಿ ಉಗಿ ನಿಲ್ಲಿಸಿದರೆ ಬೆಂಕಿಯೂ ತಣ್ಣಗೆ. ನಾವು ಚಿಕ್ಕಂದಿನಲ್ಲಿ ಬಾಯಲ್ಲಿ ಅನುಕರಿಸುತ್ತಿದ್ದ ಛುಕ್ ಛುಕ್ ಸದ್ದು ಈ ಚಿಮ್ಮುವಿಕೆಯದೇ. ಮ್ಯಾಲಾರ್ಡ್‌ಗೆ ಜೋಡಿ ಚಿಮಣಿ ಇಟ್ಟು ಈ ಹಾದಿಯನ್ನು ಇನ್ನಷ್ಟು ಸಲೀಸು ಮಾಡಿದ್ದರು. ದಾಖಲೆಯ ಗುಟ್ಟುಗಳಲ್ಲಿ ಅದೂ ಒಂದು.

ಇಷ್ಟೆಲ್ಲ ಜಾಣತನದ ನಂತರವೂ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲೂ ಗಾಲಿಗೆ ಮುಟ್ಟುತ್ತಿರಲಿಲ್ಲ. ಉಳಿದದ್ದೆಲ್ಲ ಆಕಾಶಕ್ಕೆ. ಉಗಿ ಎಂಜಿನ್ ಯಾಕೆ ಹೋಯಿತೆಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ. ಬೆಳಿಗ್ಗೆ ಓಡಬೇಕಾದ ಎಂಜಿನ್ನಿಗೆ ನಡುರಾತ್ರಿಯಲ್ಲೇ ಬೆಂಕಿ ಹೊತ್ತಿಸಲು, ಬೂದಿ ತೆಗೆಯಲು, ಕೊಳವೆ ಗುಡಿಸಲು ಬೇಕಾಗಿದ್ದ ಆಳುಗಳ ಸಂಬಳದಲ್ಲಿ ಇನ್ನರ್ಧ.

ಕೊಳವೆಗಳೂ ಚಿಮಣಿಯ ಚಿಮ್ಮುವಿಕೆಯೂ ಒಟ್ಟಿಗೆ ಕೂಡಿಬಂದು ಗೆದ್ದದ್ದು 1829ರ ರೈನ್‌ಹಿಲ್ ಪಂದ್ಯದಲ್ಲಿ, ರಾಕೆಟ್ ಎಂಜಿನ್ನಿನಲ್ಲಿ. ಲಿವರ್‌ಪೂಲ್–ಮ್ಯಾಂಚೆಸ್ಟರ್ ದಾರಿಗೆ ಎಂಥ ಎಂಜಿನ್ ಬೇಕೆಂದು ತೀರ್ಮಾನಿಸಲು 500 ಪೌಂಡ್ ಬಹುಮಾನವಿಟ್ಟು ನಡೆಸಿದ ಪಂದ್ಯ. ಎದುರಾಳಿಗಳಲ್ಲಿ ಒಂದು ಕುದುರೆಯ ಬಲದಿಂದ ಓಡುವ ಯಂತ್ರವೂ ಇತ್ತು. ಜಾರ್ಜ್ ಸ್ಟೀಫನ್‌ಸನ್ ಮತ್ತು ಮಗ ರಾಬರ್ಟ್ ಕಟ್ಟಿದ ರಾಕೆಟ್‌ನ ಬಾಯ್ಲರಿನಲ್ಲಿ 25 ತಾಮ್ರದ ಕೊಳವೆಗಳಿದ್ದವು. ಉಳಿದವು ಒಂದೊಂದಾಗಿ ಕೆಟ್ಟು ನಿಂತವು, ಇದು ನಿಲ್ಲಲಿಲ್ಲ.

ರಾಕೆಟ್ ಅಂದರೆ ಎಲ್ಲರ ಕಣ್ಣಮುಂದೆ ಬರುವುದು ಹಳದಿ ಮೈ, ಬಿಳಿಯ ಎತ್ತರದ ಚಿಮಣಿ, ಓರೆಯಾಗಿ ನಿಂತ ಸಿಲಿಂಡರ್. ನಿಜವಾದ ರಾಕೆಟ್ ಈಗಲೂ ಉಳಿದಿದೆ, ಈ ಸಂಗ್ರಹದ್ದೇ. ನೋಡಿದವರಿಗೆ ಮಾತ್ರ ಮುಖ ಸಣ್ಣಗಾಗುತ್ತದೆ: ಕಪ್ಪಗೆ, ಬೋಳುಬೋಳಾಗಿ, ಸಿಲಿಂಡರ್ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿ. ಪಂದ್ಯ ಗೆದ್ದ ಒಂದೆರಡು ವರ್ಷದಲ್ಲೇ ಅದನ್ನು ತಿದ್ದಿದ್ದರು. ಓರೆ ಸಿಲಿಂಡರಿನಿಂದ ಎಂಜಿನ್ ಎದ್ದು ಬಿದ್ದು ಕುಲುಕುತ್ತಿತ್ತು, ಅದಕ್ಕೇ ಕೆಳಗಿಳಿಸಿದರು. ಆಮೇಲೆ ಅದು ಕಲ್ಲಿದ್ದಲು ಸಾಗಿಸುವ ಹಳಿಯೊಂದಕ್ಕೆ ಮಾರಾಟವಾಯಿತು, ದುಡಿದು ಸವೆಯಿತು, 1862ರಲ್ಲಿ ಲಂಡನ್ನಿನ ಸಂಗ್ರಹಾಲಯ ಸೇರಿತು. ಹಳದಿ ಬಣ್ಣದ ಚಂದದ ರಾಕೆಟ್ ಬೇಕೆಂದರೆ ನಕಲುಗಳಿವೆ. 1979ರಲ್ಲಿ ಓಡುವಂಥದ್ದನ್ನೇ ಒಂದು ಕಟ್ಟಿದರು. 1829ರ ದಿನ ನಕಲಿನಲ್ಲಿದೆ, ಅಸಲಿನಲ್ಲಿ ಇಲ್ಲ!

ಯಾರಾದರೂ ಒಂದು ಕಾಲದಲ್ಲಿ ಭಕ್ತಿಯಿಂದ ಅಸಲಿಗೇ ಹಳದಿ ಬಳಿದು ಸಿಲಿಂಡರ್ ಮೇಲೆತ್ತಿ ‘ಮೊದಲಿನಂತೆ’ ಮಾಡಿಬಿಟ್ಟಿದ್ದರೆ? 1999ರಲ್ಲಿ ಇಬ್ಬರು ತಜ್ಞರು ಅದನ್ನು ಬಿಚ್ಚಿ, ಒಂದೊಂದು ಮೊಳೆತೂತು, ಬೆಸುಗೆ, ಬಾಗಿದ ಪಟ್ಟಿಯನ್ನೂ ಅಳೆದು, ಯಾವ ತಿದ್ದುಪಡಿ ಯಾವಾಗ ಆಯಿತೆಂದು ಓದಿ ತೆಗೆದರು. ಶಾಸನ ಓದುವವರ ಕೆಲಸ ಅದು. ಯಾರೂ ‘ಜೀರ್ಣೋದ್ಧಾರ’ ಮಾಡದೆ ಬಿಟ್ಟಿದ್ದರಿಂದಲೇ ಓದಲು ಅಲ್ಲಿ ಏನಾದರೂ ಉಳಿದಿತ್ತು.

ಹೀಗೆ ಬಿಟ್ಟುಬಿಟ್ಟದ್ದಕ್ಕೆ ಇನ್ನೊಂದು ಉದಾಹರಣೆ, 1846ರ ಕಾಪರ್‌ನಾಬ್. ಬೆಂಕಿಗೂಡಿನ ಮೇಲೆ ಗುಮ್ಮಟದಂತೆ ಉಬ್ಬಿದ ತಾಮ್ರದ ಹೊದಿಕೆ ಇರುವುದರಿಂದ ಆ ಅಡ್ಡಹೆಸರು. ಅರ್ಧ ಶತಮಾನ ದುಡಿದ ಮೇಲೆ ಅದನ್ನು ಬ್ಯಾರೋ ಎಂಬ ಹಡಗುಕಟ್ಟೆಯ ಊರಿನ ಸ್ಟೇಷನ್ನಿನ ಹೊರಗೆ ಗಾಜಿನ ಕೋಣೆಯಲ್ಲಿ ಇಟ್ಟಿದ್ದರು. 1941ರಲ್ಲಿ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬ್ ಹಾಕಿದಾಗ ಗಾಜು ಪುಡಿಯಾಯಿತು, ಚೂರುಗಳು ಎಂಜಿನ್ನಿಗೂ ತಾಗಿದವು. ಹತ್ತಿರದಿಂದ ನೋಡಿದರೆ ಆ ಗಾಯ ಈಗಲೂ ಕಾಣುತ್ತದೆ. ತೇಪೆ ಹಾಕಲು ಯಾವ ಕಮ್ಮಾರನಿಗಾದರೂ ಅರ್ಧ ದಿನ ಸಾಕಿತ್ತು. ಹಾಕಿಸಲಿಲ್ಲ. ಓಡುವುದನ್ನು ನಿಲ್ಲಿಸಿ ನಾಲ್ಕು ದಶಕವಾದ ಮೇಲೆ ಆ ಎಂಜಿನ್ನಿನ ಬಾಳಿನಲ್ಲಿ ನಡೆದ ಅತಿ ದೊಡ್ಡ ಘಟನೆ ಅದು. ಅದನ್ನು ಅಳಿಸುವುದು ಹೇಗೆ?

ಇದರ ತದ್ವಿರುದ್ಧ, ಡಚೆಸ್ ಆಫ್ ಹ್ಯಾಮಿಲ್ಟನ್. 1938ರಲ್ಲಿ ಎಲ್‌ಎಂಎಸ್ ಕಂಪನಿ ಕ್ರೂ ಕಾರ್ಖಾನೆಯಲ್ಲಿ ಕಟ್ಟಿಸಿದ್ದು. ಕಡುಗೆಂಪು ಮೈ, ಮೂತಿಯಿಂದ ಹಿಂದಕ್ಕೆ ಹರಿಯುವ ಹೊಂಬಣ್ಣದ ಪಟ್ಟೆ, ನುಣುಪಾದ ತಗಡಿನ ಹೊದಿಕೆ. ಮರುವರ್ಷವೇ ಇದನ್ನು ಹಡಗಿಗೆ ಹತ್ತಿಸಿ ಅಮೆರಿಕಕ್ಕೆ ಕಳಿಸಿದರು, ನ್ಯೂಯಾರ್ಕ್ ಜಾಗತಿಕ ಮೇಳಕ್ಕೆ. ಹೋದದ್ದು ತನ್ನ ಹೆಸರಿನಲ್ಲಲ್ಲ. ಹೆಚ್ಚು ಹೆಸರು ಮಾಡಿದ್ದ ಕಾರೊನೇಷನ್ ಎಂಬ ಸೋದರ ಎಂಜಿನ್ನಿನ ಹೆಸರು, ಸಂಖ್ಯೆ ತೊಟ್ಟುಕೊಂಡು ಹೋಯಿತು. ಅಸಲಿ ಕಾರೊನೇಷನ್ ಇಂಗ್ಲೆಂಡಿನಲ್ಲಿ ಡಚೆಸ್ ಹೆಸರಿನಲ್ಲಿ ಓಡಾಡಿಕೊಂಡಿತ್ತು. ಅಷ್ಟರಲ್ಲಿ ಯುದ್ಧ ಹತ್ತಿ, ಎಂಜಿನ್ ವಾಪಸು ಬಂದದ್ದು 1942ರಲ್ಲಿ. ಅಂದದ ತಗಡನ್ನು 1947ರಲ್ಲಿ ಕಿತ್ತರು. ಉಳಿದ ಸೇವೆಯೆಲ್ಲ ಬರಿಮೈಯಲ್ಲಿ. ನಿವೃತ್ತಿಯ ನಂತರ ಕಡಲ ತೀರದ ರಜಾ ಶಿಬಿರವೊಂದರಲ್ಲಿ ಮಕ್ಕಳಿಗೆ ನೋಡಲೆಂದು ನಿಂತಿತ್ತು. ಸಂಗ್ರಹಾಲಯಕ್ಕೆ ಬಂದಮೇಲೆ ಮತ್ತೆ ವರ್ಷಗಟ್ಟಲೆ ವಿಶೇಷ ರೈಲುಗಳನ್ನು ಎಳೆಯಿತು. 2009ರಲ್ಲಿ ಜನರಿಂದ ಹಣ ಕೂಡಿಸಿ, ಹೊಸ ತಗಡಿನಲ್ಲಿ ಹಳೆಯ ಹೊದಿಕೆಯನ್ನೇ ಮತ್ತೆ ಮಾಡಿ ತೊಡಿಸಿದರು.

ನೋಡಲು ಭಾರಿ ಚಂದ. ಹಾಲ್‌ನ ಅತ್ಯಂತ ಚಂದದ ಎಂಜಿನ್ ಅದೇ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ತಗಡು ಹೊದ್ದು ಓಡಿದ್ದು ಹತ್ತು ವರ್ಷದೊಳಗೆ, ಇಲ್ಲದೆ ಓಡಿದ್ದು ಅದಕ್ಕಿಂತ ಬಹಳ ಹೆಚ್ಚು. ಅದನ್ನು ಓಡಿಸಿದ, ಅದಕ್ಕೆ ಕಲ್ಲಿದ್ದಲು ಎತ್ತಿದ ಬಹುಪಾಲು ಜನ ನೋಡಿದ್ದು ಬರಿಮೈಯ ಎಂಜಿನ್ನನ್ನೇ. ಅವರಲ್ಲಿ ಯಾರಾದರೂ ಯಾರ್ಕ್‌ಗೆ ಬಂದರೆ ಗುರುತು ಹಿಡಿಯಲು ಹೆಸರು ಓದಬೇಕಾದೀತು.

ಹಾಲ್‌ನಲ್ಲಿ ಎಷ್ಟೋ ಸಲ ಇಲ್ಲದೇ ಇರುವ ಎಂಜಿನ್ ಒಂದಿದೆ: ಫ್ಲೈಯಿಂಗ್ ಸ್ಕಾಟ್ಸ್‌ಮನ್. ಸಂಗ್ರಹಾಲಯದ್ದೇ ಆದರೂ ಅದು ಊರೂರು ತಿರುಗುತ್ತಿರುತ್ತದೆ. 1923ರ ಈ ಎಂಜಿನ್ 1934ರಲ್ಲಿ, ಅಧಿಕೃತವಾಗಿ ಅಳೆದ ಲೆಕ್ಕದಲ್ಲಿ, ಗಂಟೆಗೆ 100 ಮೈಲಿ ಮುಟ್ಟಿದ ಮೊದಲ ಉಗಿ ಎಂಜಿನ್. 1928ರಿಂದ ಲಂಡನ್‌–ಎಡಿನ್‌ಬರಾ ನಡುವಿನ 393 ಮೈಲಿಯನ್ನು ನಿಲ್ಲದೆ ಓಡುವ ರೈಲಿಗೂ ಇದೇ ಮೊದಲು ಹೆಗಲು ಕೊಟ್ಟದ್ದು. ನಿಲ್ಲದೆ ಎಂಟು ಗಂಟೆ ಒಬ್ಬನೇ ಫೈರ್‌ಮನ್ ಕಲ್ಲಿದ್ದಲು ಎತ್ತಲಾರ. ಅದಕ್ಕೇ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಒಂದು ಪಕ್ಕದಲ್ಲಿ, ಮನುಷ್ಯ ತಲೆ ತಗ್ಗಿಸಿ ಓರೆಯಾಗಿ ನುಸುಳುವಷ್ಟು ಕಿರಿದಾದ ಓಣಿಯೊಂದನ್ನು ಮಾಡಿದರು. ಅರ್ಧ ದಾರಿಯಲ್ಲಿ ಬೋಗಿಯಲ್ಲಿದ್ದ ಇನ್ನೊಂದು ಜೋಡಿ ಆ ಓಣಿಯಿಂದ ಎಂಜಿನ್ನಿಗೆ ಬಂದು ಕೆಲಸ ವಹಿಸಿಕೊಳ್ಳುತ್ತಿತ್ತು. ನೀರನ್ನೂ ಓಟದಲ್ಲೇ ತುಂಬಿಕೊಳ್ಳಬೇಕಿತ್ತು: ಎರಡು ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳನ್ನು ಹಾಸಿ, ಟೆಂಡರಿನಿಂದ ಒಂದು ಮೊಗೆಯನ್ನು ಇಳಿಬಿಟ್ಟರೆ ಓಟದ ರಭಸಕ್ಕೆ ನೀರು ತಾನಾಗಿ ಮೇಲೇರುತ್ತಿತ್ತು.

1963ರಲ್ಲಿ ಒಬ್ಬ ಉದ್ಯಮಿ ಅದನ್ನು 3000 ಪೌಂಡಿಗೆ ಕೊಂಡು ಗುಜರಿಯಿಂದ ಉಳಿಸಿದರು. 1969ರಲ್ಲಿ ಅಮೆರಿಕಕ್ಕೆ ಒಯ್ದು ಓಡಿಸಿ, ದಿವಾಳಿಯಾದರು. ಇನ್ನೊಬ್ಬರು 1973ರಲ್ಲಿ ಬಿಡಿಸಿ ತಂದರು. ಮುಂದೆ ಆಸ್ಟ್ರೇಲಿಯಕ್ಕೂ ಹೋಗಿ 422 ಮೈಲಿ ನಿಲ್ಲದೆ ಓಡಿ ಬಂತು. 2004ರಲ್ಲಿ ಸಂಗ್ರಹಾಲಯ ಅದನ್ನು 23 ಲಕ್ಷ ಪೌಂಡ್ ಕೊಟ್ಟು ಕೊಂಡಿತು, ರಿಪೇರಿಗೆ 42 ಲಕ್ಷ ಪೌಂಡ್ ಸುರಿಯಿತು. 2016ರಲ್ಲಿ ಮತ್ತೆ ಹಳಿಗಿಳಿದಾಗ ಜಗಳ ಎದ್ದದ್ದು ದುಡ್ಡಿಗಿಂತ ಬಣ್ಣಕ್ಕೆ. ಜನರ ಮನಸ್ಸಿನಲ್ಲಿ ಇದ್ದದ್ದು 1930ರ ದಶಕದ ಎಳೆಹಸಿರು, 4472 ಸಂಖ್ಯೆ. ಬಂದದ್ದು 1960ರ ಸುಮಾರಿನ ಕಡುಹಸಿರು, 60103 ಸಂಖ್ಯೆ, ಮೂತಿಯ ಎರಡು ಪಕ್ಕದಲ್ಲಿ ಹೊಗೆ ತಡೆಯುವ ತಗಡು. ಸಂಗ್ರಹಾಲಯದ ಪರವಾಗಿ ಒಂದು ಮಾತು ಹೇಳಬೇಕು: ಈಗಿರುವ ಜೋಡಿ ಚಿಮಣಿಯೂ ತಗಡೂ ಸೇವೆಯ ಕೊನೆಯ ವರ್ಷಗಳವು. ಅವನ್ನಿಟ್ಟುಕೊಂಡು ಮೇಲೆ ಎಳೆಹಸಿರು ಬಳಿದರೆ ಅದು ಯಾವ ದಿನದ ಎಂಜಿನ್ನೂ ಆಗುತ್ತಿರಲಿಲ್ಲ.

ಅದರಲ್ಲಿ 1923ರ ಲೋಹ ಎಷ್ಟು ಉಳಿದಿದೆ ಎಂದು ಕೆಣಕುವವರಿದ್ದಾರೆ. ಈ ಪ್ರಶ್ನೆ ಕೇಳುವವರಿಗೆ ರೈಲ್ವೆ ಕಾರ್ಖಾನೆಯ ಪದ್ಧತಿ ಗೊತ್ತಿಲ್ಲ. ದೊಡ್ಡ ಓವರ್‌ಹಾಲಿಂಗ್‌ಗೆ ಬಂದ ಎಂಜಿನ್ನಿನ ಬಾಯ್ಲರ್ ಇಳಿಸಿದರೆ, ಅದೇ ಬಾಯ್ಲರ್ ರಿಪೇರಿಯಾಗುವವರೆಗೆ ಕಾಯುತ್ತಿರಲಿಲ್ಲ. ಮೊದಲೇ ಸಿದ್ಧವಾಗಿದ್ದ ಇನ್ನೊಂದನ್ನು ಕೂರಿಸಿ ಕಳಿಸುತ್ತಿದ್ದರು. ಇದರ ಬಾಯ್ಲರ್ ಅದಕ್ಕೆ, ಅದರ ಗಾಲಿ ಇದಕ್ಕೆ. ಎಂಜಿನ್ ಎಂದರೆ ಚೌಕಟ್ಟು ಮತ್ತು ಸಂಖ್ಯೆ, ಉಳಿದದ್ದು ಬದಲಾಗುತ್ತಲೇ ಇರುವ ಬಿಡಿಭಾಗ. ಓಡುವ ಎಂಜಿನ್ ಯಾವತ್ತೂ ಹಾಗೆಯೇ ಬದುಕಿದೆ.

ಹಾಗಾಗಿ ನನ್ನ ಮಟ್ಟಿಗೆ ಯಾರ್ಕ್ ಮಾಡಿಕೊಂಡ ಹಂಚಿಕೆ ಸರಿಯಾಗಿದೆ. ಸ್ಕಾಟ್ಸ್‌ಮನ್ ಓಡಲಿ, ಅದರ ಬದುಕೇ ಬಿಡಿಭಾಗ ಬದಲಿಸಿಕೊಳ್ಳುತ್ತಾ ಓಡುವುದು. ಮ್ಯಾಲಾರ್ಡ್ ನಿಂತಿರಲಿ. 1980ರ ದಶಕದಲ್ಲಿ ಅದನ್ನೂ ಸಜ್ಜು ಮಾಡಿ ದಾಖಲೆಯ ಐವತ್ತನೇ ವರ್ಷ, 1988ರವರೆಗೆ ಓಡಿಸಿದರು. ಆಮೇಲೆ ಬೆಂಕಿ ಹಾಕಿಲ್ಲ. ಮತ್ತೆ ಓಡಿಸಬೇಕೆಂದರೆ ಇಂದಿನ ಸುರಕ್ಷತೆಯ ನಿಯಮಕ್ಕೆ ತಕ್ಕಂತೆ ಒಳಗೆಲ್ಲ ಬಿಚ್ಚಿ ಬದಲಿಸಬೇಕು. ಅಷ್ಟಾದ ಮೇಲೆ ನಾಳೆ ಯಾರಾದರೂ ರಾಕೆಟ್ಟನ್ನು ಓದಿದಂತೆ ಓದಬೇಕೆಂದರೆ ಅಲ್ಲಿ ಏನಿರುತ್ತದೆ?

ಹಾಲ್‌ನಲ್ಲಿ ಭಾರತದವರ ಕಾಲು ತಾನಾಗಿ ನಿಧಾನವಾಗುವ ಜಾಗಗಳೂ ಇವೆ. ಎಲ್ಲಕ್ಕಿಂತ ದೈತ್ಯವಾಗಿ ನಿಂತದ್ದು ಚೀನಾದ ಎಂಜಿನ್. ಕಟ್ಟಿದ್ದು ಇಂಗ್ಲೆಂಡಿನಲ್ಲೇ, 1935ರಲ್ಲಿ, ವಲ್ಕನ್ ಫೌಂಡ್ರಿಯಲ್ಲಿ. ಹಳಿಯ ಅಗಲ ಒಂದೇ ಆದರೂ ಬ್ರಿಟನ್ನಿನ ಸೇತುವೆ, ಸುರಂಗಗಳಡಿ ತೂರುವ ಮೈಕಟ್ಟಲ್ಲ ಅದು. ಹುಟ್ಟಿದೂರಿನಲ್ಲಿ ಓಡಲು ಸಾಧ್ಯವೇ ಇಲ್ಲದ ಎಂಜಿನ್ ವಯಸ್ಸಾದ ಮೇಲೆ ಚೀನಾದ ಉಡುಗೊರೆಯಾಗಿ ಮರಳಿ ಬಂದಿದೆ. ಇದೇ ವಲ್ಕನ್ ಫೌಂಡ್ರಿಯಿಂದ ಹಡಗು ಹತ್ತಿ ಬಂದ ಎಂಜಿನ್‌ಗಳೇ 1853ರಲ್ಲಿ ಮುಂಬಯಿಯಿಂದ ಠಾಣೆಗೆ ನಮ್ಮ ಮೊದಲ ಪ್ರಯಾಣಿಕ ರೈಲನ್ನು ಎಳೆದದ್ದು. ಯಾರ್ಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಲೀಡ್ಸ್‌ನ ಕಿಟ್ಸನ್ ಕಾರ್ಖಾನೆ 1855ರಲ್ಲಿ ಕಳಿಸಿದ ಫೇರಿ ಕ್ವೀನ್ ಇನ್ನೂ ಭಾರತದಲ್ಲಿದೆ.

ಬ್ರಿಟಿಷ್ ರೈಲ್ವೆ ಕಟ್ಟಿದ ಕೊನೆಯ ಉಗಿ ಎಂಜಿನ್ ಈವ್ನಿಂಗ್ ಸ್ಟಾರ್ ಕೂಡ ಈ ಸಂಗ್ರಹದಲ್ಲಿದೆ. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂತು, 1965ರಲ್ಲಿ ನಿವೃತ್ತಿ. ಐದೇ ವರ್ಷ! ಅಷ್ಟು ಬೇಗ ಮೂಲೆ ಸೇರುವ ಎಂಜಿನ್ನನ್ನು ಕಟ್ಟಿದ್ದಾದರೂ ಯಾಕೆ ಎಂಬ ಪ್ರಶ್ನೆಗೆ ಆ ದೇಶದ ರೈಲ್ವೆ ಯೋಜಕರು ಇನ್ನೂ ತಡವರಿಸಬೇಕು. ಚಿತ್ತರಂಜನ್ ಕಾರ್ಖಾನೆ ನಮ್ಮ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ ಕಟ್ಟಿದ್ದು 1970ರಲ್ಲಿ, ಹೆಸರು ಅಂತಿಮ್ ಸಿತಾರಾ. ನಮ್ಮಲ್ಲಿ ಕಲ್ಲಿದ್ದಲೂ ಇತ್ತು, ಕೆಲಸಕ್ಕೆ ಕೈಗಳೂ ಇದ್ದವು. ಬ್ರಾಡ್‌ಗೇಜ್‌ನಲ್ಲಿ ಉಗಿ 1995ರವರೆಗೆ ಉಳಿಯಿತು. ಅದನ್ನು ಹಿಂದುಳಿದಿರುವಿಕೆ ಎಂದವರಿದ್ದಾರೆ. ಐದು ವರ್ಷಕ್ಕೆ ಗುಜರಿಗೆ ಹಾಕುವುದಕ್ಕಿಂತ ಅದೇ ಲೇಸಾದ ಲೆಕ್ಕ ಎಂದು ನನಗೆ ಕಾಣುತ್ತದೆ.

ಮೈಸೂರಿನ ರೈಲು ಸಂಗ್ರಹಾಲಯ ಯಾರ್ಕ್‌ಗಿಂತ ನಾಲ್ಕೇ ವರ್ಷ ಕಿರಿಯದು, 1979ರದ್ದು. 1899ರ ಮಹಾರಾಣಿಯವರ ಸಲೂನ್, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು, ಮೀಟರ್‌ಗೇಜ್ ಎಂಜಿನ್‌ಗಳು. ಅಲ್ಲಿ ಬೆಳೆದ ಮಕ್ಕಳಿಗೆ ಎಂಜಿನ್ ಹತ್ತಿ ಕೂತ ನೆನಪು ಇದ್ದೇ ಇರುತ್ತದೆ. ನಮ್ಮ ದೇಶದ ಸ್ಟೇಷನ್ನುಗಳ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿದ ಹಳೆಯ ಎಂಜಿನ್‌ಗಳನ್ನು ಕಂಡಾಗೆಲ್ಲ ಮಾತ್ರ ಯಾರ್ಕ್ ನೆನಪಾಗುತ್ತದೆ. ಉದ್ಘಾಟನೆಗೊಮ್ಮೆ, ಸಪ್ತಾಹಕ್ಕೊಮ್ಮೆ ಹೊಸ ಬಣ್ಣ, ಮೂತಿಗೆ ಬಿಳಿಯ ಪಟ್ಟೆ. ಯಾವ ಶೆಡ್ಡಿನ ಎಂಜಿನ್, ಯಾವ ದಾರಿಯಲ್ಲಿ ಓಡಿತ್ತು ಎಂದು ಎರಡು ಸಾಲು ಬರೆದು ಹಾಕಲು ಬಣ್ಣಕ್ಕೆ ಬೇಕಾದಷ್ಟು ಖರ್ಚಿಲ್ಲ.

ತಣ್ಣನೆಯ ಎಂಜಿನ್ ಏನು ಮಾಡಿದರೂ ಹೇಳಲಾರದ್ದು ಕೆಲವಿದೆ: ಶಾಖ, ಸದ್ದು, ಬಿಸಿ ಎಣ್ಣೆಯ ವಾಸನೆ. ಅದಕ್ಕೆ ಯಾರ್ಕ್‌ನಲ್ಲಿ ಇನ್ನೊಂದು ದಿನ ಇಟ್ಟುಕೊಂಡು ಬಸ್ಸಿನಲ್ಲಿ ಪಿಕರಿಂಗ್ ಎಂಬ ಸಣ್ಣ ಊರಿಗೆ ಹೋಗಬೇಕು. ಸರ್ಕಾರ ಮುಚ್ಚಿದ ರೈಲುದಾರಿಯೊಂದನ್ನು ಹವ್ಯಾಸಿಗಳು ಸೇರಿ 1973ರಲ್ಲಿ ಮತ್ತೆ ತೆರೆದು, ಬಯಲು ಗುಡ್ಡಗಳ ನಡುವೆ 18 ಮೈಲಿ ಉಗಿ ರೈಲು ಓಡಿಸುತ್ತಿದ್ದಾರೆ. ಟಿಕೆಟ್ ಅಗ್ಗವಲ್ಲ. ಅದಕ್ಕೆ ಕಾರಣಗಳಲ್ಲಿ ಒಂದು ಕಲ್ಲಿದ್ದಲು. ಹವ್ಯಾಸಿ ರೈಲುದಾರಿಗಳಿಗೆ ಒಳ್ಳೆಯ ಕಲ್ಲಿದ್ದಲು ಕೊಡುತ್ತಿದ್ದ ವೇಲ್ಸ್‌ನ ಫೋಸ್-ಅ-ಫ್ರಾನ್ ಗಣಿ 2023ರಲ್ಲಿ ಮುಚ್ಚಿತು, ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮರುವರ್ಷ. ಕಲ್ಲಿದ್ದಲ ಮೇಲೆಯೇ ರೈಲು ಕಟ್ಟಿದ ನಾಡು ಈಗ ತನ್ನ ಹಳೆಯ ಎಂಜಿನ್‌ಗಳ ಒಲೆಗೆ ಹೊರದೇಶದಿಂದ ಹಡಗಿನಲ್ಲಿ ಕಲ್ಲಿದ್ದಲು ತರಿಸುತ್ತಿದೆ. ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಉಂಡೆಗಳ ಪ್ರಯೋಗವೂ ಜೊತೆಗೇ ನಡೆದಿದೆ.